ನೀರಿನ ಗಂಟೆ

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲು ಇನ್ನೂ ಮೂರು ಎಳೆಗಳಾಗಿ ಅಮ್ಮನ ಬೆರಳುಗಳ ನಡುವೆ ಇರುವಾಗಲೇ ಬಾಗಿಲ ಗಂಟೆ ಹೊಡೆಯಿತು.

“ಹಿಡ್ಕೊಂಡಿರು, ಬಂದೆ,” ಎಂದು ಅಮ್ಮ ಆ ಎಳೆಗಳನ್ನು ಚೂಟಿಯ ಕೈಗೇ ಕೊಟ್ಟು ಎದ್ದಳು.

ಚೂಟಿ ಹಿಡಿದುಕೊಂಡು ಕೂತಳು. ಅವಳಿಗೆ ಎಂಟು ವರ್ಷ. ನಡೆಯುವುದಕ್ಕೆ ಮೊದಲೇ ಓಡಿದಳು ಎಂದು ಅಜ್ಜಿ ಇಟ್ಟ ಅಡ್ಡಹೆಸರು, ಸಮುದ್ರ ದಾಟಿ ಈ ದೇಶಕ್ಕೆ ಬಂದರೂ ಅವಳನ್ನು ಬಿಟ್ಟಿರಲಿಲ್ಲ. ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಆದರೂ ಅವಳು ಬೆನ್ನು ತಾಗಿಸಿದ್ದ ಗೋಡೆ, ಈಗಷ್ಟೇ ಇಳಿಸಿಟ್ಟ ಪಾತ್ರೆಯ ಹಾಗೆ ಬೆಚ್ಚಗಿತ್ತು. ಆ ಬೇಸಿಗೆ ಹಾಗಿತ್ತು. ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿತ್ತು. ಕಿಟಕಿಯ ಗಾಜಿಗೆ ಅಮ್ಮ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಅಂಟಿಸಿದ್ದಳು. ಶಾಲೆಯನ್ನು ಬೆಳಗಿನ ಜಾವಕ್ಕೆ ತಂದು, ಬಿಸಿಲು ನೆತ್ತಿಗೇರುವ ಮೊದಲೇ ಮಕ್ಕಳನ್ನು ಮನೆಗೆ ಅಟ್ಟುತ್ತಿದ್ದರು.

ಇಡೀ ದಿನದಲ್ಲಿ ಅಮ್ಮ ಪೂರ್ತಿಯಾಗಿ ಚೂಟಿಗೆ ಸಿಗುತ್ತಿದ್ದುದು ಈ ಜಡೆ ಹೆಣೆಯುವ ಹೊತ್ತಿನಲ್ಲಿ ಮಾತ್ರ. ಎರಡು ಮಂಡಿಗಳ ನಡುವೆ ಮಗಳನ್ನು ಸಿಕ್ಕಿಸಿಕೊಂಡು, ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು, ಅರ್ಧ ಮಾತಾಡುತ್ತ ಅರ್ಧ ಗುನುಗುತ್ತ ಅಮ್ಮ ಹೆಣೆಯುತ್ತಿದ್ದಳು. ಆಮೇಲೆ ಶಾಲೆಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡಳೆಂದರೆ ಮುಗಿಯಿತು, ಅವಳು ಮಿಸ್. ಚೂಟಿಯ ತರಗತಿಗೆ ಅವಳೇ ಮಿಸ್. ಆ ಶಾಲೆಯಲ್ಲಿ ಆ ವಯಸ್ಸಿನ ಮಕ್ಕಳಿಗೆ ಇದ್ದುದು ಒಂದೇ ತರಗತಿ, ಆದ್ದರಿಂದ ತಪ್ಪಿಸಿಕೊಳ್ಳುವ ದಾರಿ ಇಬ್ಬರಿಗೂ ಇರಲಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಮುಖ್ಯೋಪಾಧ್ಯಾಯಿನಿ, ಅಂದರೆ ಮಕ್ಕಳೆಲ್ಲರ ಬಾಯಲ್ಲಿ ದೊಡ್ಡ ಮೇಡಂ, ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು: ಗೇಟಿನ ಒಳಗೆ ಕಾಲಿಟ್ಟ ಮೇಲೆ ತಾಯಿಯೂ ಇಲ್ಲ, ಮಗಳೂ ಇಲ್ಲ. ಅಮ್ಮ ಆ ಮಾತನ್ನು ಹಾಗೇ ತಂದು ಚೂಟಿಗೆ ಒಪ್ಪಿಸಿದ್ದಳು. ಗೇಟಿನ ಹೊರಗೆ ಅಮ್ಮ, ಒಳಗೆ ಮಿಸ್.

ಬಾಗಿಲಲ್ಲಿ ನಿಂತಿದ್ದವರು ಕೆಳಗಿನ ಮಹಡಿಯ ನರ್ಸ್ ಆಂಟಿ. ಇಡೀ ಕಟ್ಟಡದಲ್ಲಿ ನಮ್ಮ ಭಾಷೆ ಮಾತಾಡುವವರೆಂದರೆ ಈ ಎರಡು ಮನೆಯವರೇ. ಆಂಟಿಯ ಸೊಂಟಕ್ಕೆ ಆತುಕೊಂಡು ಅವರ ಮಗಳು ನಿಂತಿದ್ದಳು. ಅವಳೂ ಅದೇ ತರಗತಿ. ದುಂಡನೆಯ ಮುಖ, ದುಂಡನೆಯ ಕೈ, ಬಿಚ್ಚಿ ಬಿಟ್ಟ ಕೂದಲು, ಕೈಯಲ್ಲೊಂದು ಬಾಚಣಿಗೆ.

“ತಪ್ಪು ತಿಳ್ಕೋಬೇಡಿ ಟೀಚರ್,” ಎಂದರು ಆಂಟಿ. “ಬಿಸಿಲಿನ ಏಟು ತಿಂದವರೇ ವಾರ್ಡ್ ತುಂಬಾ ಇದ್ದಾರೆ. ಬೆಳಗಿನ ಜಾವಕ್ಕೇ ಬನ್ನಿ ಅಂತಿದ್ದಾರೆ. ಇವಳನ್ನ ಒಬ್ಬಳನ್ನೇ ಬಿಟ್ಟು ಹೋಗೋಕೆ ಜೀವ ಹೊಡ್ಕೊಳ್ಳುತ್ತೆ. ಶಾಲೆಗೆ ನಿಮ್ಮ ಜೊತೇಲೇ…”

“ಅಯ್ಯೋ, ಅದಕ್ಕೇನು ಸಿಸ್ಟರ್, ಬಿಟ್ಟು ಹೋಗಿ. ಒಂದಿರೋ ಕಡೆ ಎರಡು, ಅಷ್ಟೇ ತಾನೆ.”

ಅಷ್ಟೇ ತಾನೆ ಅಂತೆ. ಚೂಟಿ ಮೂರು ಎಳೆಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಅಮ್ಮ ಬಂದು ಕೂತಳು. ಕೂತು ಮಂಡಿಗಳ ನಡುವೆ ಎಳೆದುಕೊಂಡದ್ದು ಆ ಹುಡುಗಿಯನ್ನು.

“ನಂದು ಅರ್ಧ ಆಗಿದೆ,” ಎಂದಳು ಚೂಟಿ.

“ನಿಂದು ಅರ್ಧವಾದ್ರೂ ಆಗಿದೆ. ಪಾಪ, ಅವಳದು ಏನೂ ಆಗಿಲ್ಲ. ಸ್ವಲ್ಪ ತಡ್ಕೋ.”

ಆ ಹುಡುಗಿ ಕಣ್ಣು ಮುಚ್ಚಿ ತಲೆಯನ್ನು ಅಮ್ಮನ ಮಂಡಿಗೆ ಒರಗಿಸಿದಳು, ತನ್ನ ಸ್ವಂತ ಮಂಡಿಯೇನೋ ಎಂಬಂತೆ. ಬಿಸಿಗೆ ಕರಗಿ ಹರಿದು ಎಲ್ಲೆಂದರಲ್ಲಿ ಅಂಟಿಕೊಳ್ಳುವ ಇವಳಿಗೆ ಚೂಟಿ ಆ ಕ್ಷಣವೇ ಮನಸ್ಸಿನಲ್ಲಿ ಒಂದು ಹೆಸರಿಟ್ಟಳು: ಬೆಣ್ಣೆಮುದ್ದೆ.

ಕೊನೆಗೆ ಚೂಟಿಯ ಬಲಗಡೆಯ ಜಡೆ ಅವಸರದಲ್ಲಿ ಮುಗಿಯಿತು. ಗುನುಗೂ ಇಲ್ಲ, ಮಾತೂ ಇಲ್ಲ. ಶಾಲೆಯ ಬಸ್ಸು ಹತ್ತುವ ಹೊತ್ತಿಗೆ ಅದು ಸಡಿಲಾಗಿ, ಎಡಗಡೆಯದಕ್ಕಿಂತ ಕೆಳಗೆ ಇಳಿದು, ಯಾರದೋ ಜಡೆಯನ್ನು ತಂದು ಸಿಕ್ಕಿಸಿದ ಹಾಗೆ ತೂಗುತ್ತಿತ್ತು. ಬಸ್ಸಿನಲ್ಲಿ ಅಮ್ಮನ ಪಕ್ಕದ ಕಿಟಕಿ ಸೀಟಿನಲ್ಲಿ ಬೆಣ್ಣೆಮುದ್ದೆ ಕೂತಳು. ಅವಳಿಗೆ ಬಸ್ಸಿನಲ್ಲಿ ತಲೆ ಸುತ್ತುತ್ತದೆಯಂತೆ.

ಮರುದಿನವೂ ಗಂಟೆ ಹೊಡೆಯಿತು, ಅದರ ಮರುದಿನವೂ. ಬಿಸಿಲು ಇಳಿಯುವ ಲಕ್ಷಣ ಕಾಣಲಿಲ್ಲ, ನರ್ಸ್ ಆಂಟಿಯ ಡ್ಯೂಟಿಯೂ ಬದಲಾಗಲಿಲ್ಲ. ಬೆಣ್ಣೆಮುದ್ದೆ ಬೆಳಿಗ್ಗೆ ಬಂದವಳು ಶಾಲೆ ಮುಗಿದ ಮೇಲೂ ಇವರ ಮನೆಗೇ ಬಂದು, ಸಂಜೆ ಅವಳಮ್ಮ ಬಂದು ಬಾಗಿಲು ತಟ್ಟುವವರೆಗೆ ಇರತೊಡಗಿದಳು. ಮನೆಯಲ್ಲಿ ಇದ್ದುದು ಒಂದು ಮೇಜಿನ ಫ್ಯಾನು. ಅಮ್ಮ ಅದರ ಮುಂದೆ ಒದ್ದೆ ಟವೆಲ್ ನೇತುಹಾಕಿ, ಮೂವರಿಗೂ ನೆಲದ ಮೇಲೆ ಚಾಪೆ ಹಾಸುತ್ತಿದ್ದಳು. ಮೊದಲೆಲ್ಲ ಫ್ಯಾನಿನ ಕಡೆಗೆ ಚೂಟಿ, ಅವಳ ಪಕ್ಕಕ್ಕೆ ಅಮ್ಮ. ಈಗ ನಡುವೆ ಅಮ್ಮ, ಫ್ಯಾನಿನ ಕಡೆಗೆ ಬೆಣ್ಣೆಮುದ್ದೆ.

“ಬಂದವರಿಗೆ ಗಾಳಿ ಬಿಡಬೇಕು ಕಣೇ,” ಎನ್ನುತ್ತಿದ್ದಳು ಅಮ್ಮ.

“ದಿನಾ ಬಂದ್ರೆ ಬಂದವರು ಹೇಗಾಗ್ತಾರೆ?”

“ಶ್, ಮೆಲ್ಲಗೆ. ಕೇಳಿಸುತ್ತೆ.”

ಕೇಳಿಸಲಿ ಎಂದೇ ಅವಳು ಹೇಳಿದ್ದು. ಆದರೆ ಬೆಣ್ಣೆಮುದ್ದೆಗೆ ಯಾವುದೂ ತಾಗುತ್ತಿರಲಿಲ್ಲ. ಸೌತೆಕಾಯಿ ಕೊಟ್ಟರೆ ಸಿಪ್ಪೆಸಮೇತ ತಿನ್ನುವಳು, ಅನ್ನಕ್ಕೆ ಮೊಸರು ಹಾಕಿದರೆ ತಟ್ಟೆ ಬೆಳಗುವ ಹಾಗೆ ಮುಗಿಸುವಳು. “ನೋಡು, ಹಟ ಮಾಡದೆ ಹೇಗೆ ತಿಂತಾಳೆ,” ಎಂದು ಅಮ್ಮ ಹೇಳಿದಾಗ ಚೂಟಿ ತನ್ನ ತಟ್ಟೆಯನ್ನು ದೂರ ತಳ್ಳುತ್ತಿದ್ದಳು. ಇಷ್ಟಾದರೂ ಆ ಹುಡುಗಿಗೆ ಚೂಟಿಯೆಂದರೆ ಪ್ರಾಣ. ಚೂಟಿ ಎದ್ದರೆ ಏಳುವಳು, ಕೂತರೆ ಕೂರುವಳು, ಚೂಟಿ ಬಣ್ಣದ ಪೆನ್ಸಿಲ್ ಕೊಡದಿದ್ದರೆ “ಹೋಗ್ಲಿ ಬಿಡು, ನೀನು ಮುಗಿಸಿದ ಮೇಲೆ ಕೊಡು,” ಎಂದು ಕಾಯುವಳು. ಜಗಳಕ್ಕೆ ಬಾರದವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ಚೂಟಿ ಅದನ್ನು ಬೇಸರವಿಲ್ಲದೆ ಮಾಡುತ್ತಿದ್ದಳು.

ಮನೆಯ ವಿಷಯ ಹೀಗಾದರೆ ಶಾಲೆಯದು ಇನ್ನೊಂದು. ಅಲ್ಲಿ ಪ್ರಶ್ನೆ ಕೇಳಬೇಕಾದರೂ ಉತ್ತರ ಹೇಳಬೇಕಾದರೂ ಕೈ ಎತ್ತಬೇಕು, ಮಿಸ್ ಹೆಸರು ಹಿಡಿದು ಕರೆದ ಮೇಲೆ ಮಾತಾಡಬೇಕು. ಚೂಟಿಯ ಕೈ ಯಾವಾಗಲೂ ಎಲ್ಲರಿಗಿಂತ ಮೊದಲು ಏಳುತ್ತಿತ್ತು. ಮಿಸ್ ಆ ಕೈಯನ್ನು ದಾಟಿ ಆಚೆ ನೋಡುತ್ತಿದ್ದಳು. ಎಲ್ಲ ಕೈಗಳ ಸರದಿ ಮುಗಿದು, ಚೂಟಿಯ ತೋಳು ಸೋತು ಇನ್ನೊಂದು ಕೈಯ ಆಸರೆ ಪಡೆಯುವ ಹೊತ್ತಿಗೆ, “ಇವತ್ತಿಗೆ ಸಾಕು,” ಎಂದು ಪುಸ್ತಕ ಮುಚ್ಚುತ್ತಿದ್ದಳು.

“ಯಾಕೆ ನನ್ನ ಕೇಳಲ್ಲ?” ಎಂದು ಒಮ್ಮೆ ಮನೆಯಲ್ಲಿ ಕೇಳಿದಾಗ, ಅಮ್ಮ ಮಕ್ಕಳ ನೋಟ್‌ಬುಕ್ ತಿದ್ದುತ್ತಲೇ ಹೇಳಿದ್ದಳು, “ನಿನ್ನ ಮೊದಲು ಕೇಳಿದ್ರೆ ಉಳಿದವರು ಏನಂದ್ಕೊಳ್ಳಲ್ಲ? ನಿಂಗೆ ಉತ್ತರ ಗೊತ್ತು ಅಂತ ನಂಗೆ ಗೊತ್ತು. ಅಷ್ಟು ಸಾಲದಾ?”

ಸಾಲದು ಎಂದು ಹೇಳಬೇಕೆಂದಿದ್ದಳು. ಆಗ ಬೆಣ್ಣೆಮುದ್ದೆ, “ಮಿಸ್, ನಂಗೆ ಬಾಯಾರಿಕೆ,” ಎಂದಳು, ಅಮ್ಮ ಎದ್ದು ಹೋದಳು.

ಬಿಸಿಲು ವಿಪರೀತವಾದಾಗ ಶಾಲೆಯಲ್ಲಿ ಹೊಸದೊಂದು ಗಂಟೆ ಶುರುವಾಗಿತ್ತು. ಅದಕ್ಕೆ ನೀರಿನ ಗಂಟೆ ಎಂದು ಹೆಸರು. ಅದು ಹೊಡೆದಾಗ ಪಾಠ ಎಲ್ಲಿದ್ದರೆ ಅಲ್ಲಿಗೆ ನಿಲ್ಲಬೇಕು. ಮಕ್ಕಳೆಲ್ಲ ಎದ್ದು ನಿಂತು, ಬಾಟಲಿ ಎತ್ತಿ, ಮಿಸ್ ಕಣ್ಣೆದುರು ಕುಡಿಯಬೇಕು. ಮಿಸ್ ಸಾಲುಗಳ ನಡುವೆ ನಡೆಯುತ್ತ ಒಬ್ಬೊಬ್ಬರ ಗಂಟಲು ಏರಿಳಿಯುವುದನ್ನು ನೋಡುತ್ತಿದ್ದಳು. ಮೈದಾನಕ್ಕೆ ಯಾರೂ ಹೋಗುವಂತಿರಲಿಲ್ಲ. ಕೆಲಸವಿಲ್ಲದ ಪಿ.ಟಿ. ಸರ್‌ಗೆ ಕೊರಳಲ್ಲಿ ಸೀಟಿ ತೂಗಿಸಿಕೊಂಡು ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ಓಡಾಡಿ ಗಂಟೆ ಬಾರಿಸುವುದೇ ಕೆಲಸವಾಗಿತ್ತು. ಇಡೀ ಶಾಲೆಯಲ್ಲಿ ಏಸಿ ಓಡುತ್ತಿದ್ದುದು ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ. ಅದೂ ಮಕ್ಕಳಿಗಾಗಿ ಅಲ್ಲ, ಕಂಪ್ಯೂಟರುಗಳಿಗೆ ಸೆಕೆಯಾಗಬಾರದು ಎಂದು.

ಒಂದು ದಿನ ಗಂಟೆಗೆ ಸ್ವಲ್ಪ ಮೊದಲು, ಲೆಕ್ಕದ ಪಾಠದ ನಡುವೆ ಬೆಣ್ಣೆಮುದ್ದೆ ಡೆಸ್ಕಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಳು. ಮಿಸ್ ಹತ್ತಿರ ಹೋಗಿ ಭುಜ ಮುಟ್ಟಿದಳು. ಅವಳು ಕಣ್ಣು ತೆರೆಯದೆಯೇ, ನಮ್ಮ ಭಾಷೆಯಲ್ಲಿ, “ಅಮ್ಮಾ, ನೀರು,” ಎಂದಳು.

ಅಮ್ಮ ಎಂಬ ಮಾತು ಯಾವ ದೇಶದ ಮಕ್ಕಳಿಗೂ ಅರ್ಥವಾಗುತ್ತದೆ. ತರಗತಿಯೆಲ್ಲ ಗೊಳ್ಳೆಂದಿತು.

ಚೂಟಿ ನಗಲಿಲ್ಲ. ಅವಳು ಕಾದಳು. ಈ ಶಾಲೆಗೆ ಸೇರಿದ ಹೊಸದರಲ್ಲಿ ಅವಳ ಬಾಯಿಂದಲೂ ಆ ಮಾತು ಜಾರಿತ್ತು. ಕೈಯಲ್ಲಿ ಪೆನ್ಸಿಲ್ ಮುರಿದು, ಮರೆತು, “ಅಮ್ಮಾ,” ಎಂದಿದ್ದಳು. ಮಿಸ್ ಮುಖ ಗಂಟಿಕ್ಕಿ, ಎಲ್ಲರೆದುರು, “ಇಲ್ಲಿ ಅಮ್ಮ ಯಾರೂ ಇಲ್ಲ. ಮಿಸ್ ಅನ್ನು,” ಎಂದಿದ್ದಳು. ಆಗ ದೊಡ್ಡ ಮೇಡಂ ಬಾಗಿಲಲ್ಲಿ ಬಂದು ನಿಂತಿದ್ದರು. ಅವರು ಚೂಟಿಯ ಬೆನ್ನಿಗಿದ್ದುದರಿಂದ ಅವಳಿಗೆ ಅದು ಗೊತ್ತಾಗಲೇ ಇಲ್ಲ. ಗೊತ್ತಾದದ್ದು ಕಿವಿ ಕಾದು ಕೆಂಪಾದದ್ದು ಮಾತ್ರ. ಈಗ ಬೆಣ್ಣೆಮುದ್ದೆಯ ಕಿವಿ ಕೆಂಪಾಗುವುದನ್ನು ನೋಡಲು ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

ಮಿಸ್ ಬಗ್ಗಿದಳು. ಆ ಹಣೆಯ ಬೆವರನ್ನು ತನ್ನ ಕೈಯಿಂದಲೇ ಒರೆಸಿದಳು.

“ಏನು ಕಂದಾ,” ಎಂದಳು.

ಕಂದಾ. ಜಡೆ ಹೆಣೆಯುವಾಗ, ಸಿಕ್ಕು ಬಿಡಿಸಿ ನೋವಾದಾಗ ಮಾತ್ರ ಅಮ್ಮನ ಬಾಯಲ್ಲಿ ಬರುತ್ತಿದ್ದ ಮಾತು. ಅದು ಗೇಟಿನ ಒಳಗೆ ಬಂದುಬಿಟ್ಟಿತ್ತು. ಬಂದದ್ದು ಇನ್ನೊಬ್ಬಳ ಹತ್ತಿರಕ್ಕೆ.

“ನಗೋಕೇನಿದೆ ಇದ್ರಲ್ಲಿ?” ಎಂದು ಮಿಸ್ ಉಳಿದವರಿಗೆ ಹೇಳಿದಳು. “ನಿದ್ದೆಗಣ್ಣಲ್ಲಿ ಎಲ್ಲರೂ ಹಾಗೇ ಅಂತಾರೆ.” ಬೆಣ್ಣೆಮುದ್ದೆ ಎದ್ದು ನಿಂತವಳು ಮತ್ತೆ ವಾಲಿದಳು. ಮಿಸ್ ಅವಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಅಷ್ಟು ದೊಡ್ಡ ಹುಡುಗಿಯನ್ನು, ಕಂಪ್ಯೂಟರ್ ಕೋಣೆಗೆ ನಡೆದಳು. ದುಂಡನೆಯ ಕೈಗಳು ಅಮ್ಮನ ಕೊರಳ ಸುತ್ತ ಇದ್ದವು. ಹಿಂದಿನಿಂದ ನೋಡಿದರೆ ಅದು ಅವಳದೇ ಮಗು ಅನ್ನಬೇಕು.

ಚೂಟಿಗೆ ಆ ದಿನ ಎಷ್ಟು ನೀರು ಕುಡಿದರೂ ಹೊಟ್ಟೆಯೊಳಗಿನ ಉರಿ ಆರಲಿಲ್ಲ.

ಸಂಜೆ ಊರಿನಿಂದ ಅಜ್ಜಿಯ ಫೋನು ಬಂತು. ಅಮ್ಮ ಅಡುಗೆಮನೆಯಲ್ಲಿದ್ದಳು. ಚೂಟಿ ಫೋನನ್ನು ಬಚ್ಚಲಿಗೆ ಒಯ್ದು ಬಾಗಿಲು ಹಾಕಿಕೊಂಡಳು.

“ಅಜ್ಜಿ, ಒಬ್ಬರಿಗೆ ಇಬ್ಬರು ಅಮ್ಮ ಇರಬಹುದಾ?”

“ಇರೋ ಒಬ್ಬಳ ಮಾತನ್ನೇ ನೀನು ಕೇಳಲ್ಲ, ಇನ್ನೊಬ್ಬಳನ್ನ ತಗೊಂಡು ಏನ್ ಮಾಡ್ತೀಯೇ?”

“ನಂಗಲ್ಲ.”

“ಮತ್ತೆ ಯಾರಿಗೆ?”

ನಲ್ಲಿಯಿಂದ ಹನಿಗಳು ಬಕೆಟ್ಟಿಗೆ ಬೀಳುತ್ತಿದ್ದವು.

“ಅಲ್ಲಿ ಸೆಕೆ ಜಾಸ್ತಿಯಂತಲ್ಲ,” ಎಂದಳು ಅಜ್ಜಿ. “ತಲೆಗೆ ಎಣ್ಣೆ ಹಚ್ಚಿಸ್ಕೋ. ಏನಿದ್ರೂ ಅಮ್ಮನ್ನೇ ಕೇಳು. ಹೊಟ್ಟೇಲಿ ಇಟ್ಕೋಬೇಡ.”

ಕೇಳಬೇಕೆಂದು ಅವಳು ಅಡುಗೆಮನೆಗೆ ಹೋದಳು. ಅಮ್ಮ ಒಲೆಯ ಮುಂದೆ ನಿಂತು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. “ಏನೇ?” ಎಂದಳು. ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಂತಿತು. ಹೌದು, ಅವಳೇ ನಂಗಿಷ್ಟ ಎಂದುಬಿಟ್ಟರೆ? ಚೂಟಿ, “ಏನಿಲ್ಲ, ಉಪ್ಪು ಹಾಕಿದ್ಯಾ ಅಂತ,” ಎಂದು ವಾಪಸ್ಸು ಬಂದಳು.

ಚಾಪೆಯ ಮೇಲೆ ಮಲಗಿ ಯೋಚಿಸಿದಳು. ಯೋಚಿಸಿದಷ್ಟೂ ದಾರಿ ಸುಲಭವಾಗಿ ಕಂಡಿತು. ತಲೆ ಸುತ್ತಿದವರನ್ನು ಮಿಸ್ ಎತ್ತಿಕೊಳ್ಳುತ್ತಾಳೆ. ನೀರು ಕುಡಿಯದಿದ್ದರೆ ತಲೆ ಸುತ್ತುತ್ತದೆ ಎಂದು ಮಿಸ್ಸೇ ದಿನಾ ಪಾಠ ಹೇಳುತ್ತಾಳೆ. ಅಂದರೆ ಆಯಿತಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಕೊಟ್ಟ ಲೋಟದ ನೀರನ್ನು ಅವಳು ಸಿಂಕಿಗೆ ಸುರಿದಳು. ಶಾಲೆಯಲ್ಲಿ ಮೊದಲ ನೀರಿನ ಗಂಟೆ ಹೊಡೆದಾಗ ಎಲ್ಲರೊಂದಿಗೆ ಎದ್ದು ನಿಂತು ಬಾಟಲಿ ಎತ್ತಿ, ತುಟಿಗಳನ್ನು ಒತ್ತಿ ಮುಚ್ಚಿಕೊಂಡು, ಬರಿಗಂಟಲನ್ನು ಏರಿಳಿಸಿದಳು. ಮಿಸ್ ಅವಳ ಸಾಲಿಗೆ ಬಂದಳು. ಬೇರೆಯವರ ಹತ್ತಿರ ನಿಂತು ನೋಡುತ್ತಿದ್ದವಳು ಚೂಟಿಯ ಹತ್ತಿರ ನಿಲ್ಲಲಿಲ್ಲ. ಮಗಳು ಕುಡಿದೇ ಕುಡಿಯುತ್ತಾಳೆ ಎಂಬ ನಂಬಿಕೆ ಇರಬೇಕು, ಅಥವಾ ಮಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲಬಾರದೆಂಬ ಎಚ್ಚರ ಇರಬೇಕು. ಕೈ ಎತ್ತಿದಾಗ ದಾಟಿ ಹೋಗುವ ಹಾಗೆಯೇ ಬಾಟಲಿ ಎತ್ತಿದಾಗಲೂ ದಾಟಿ ಹೋದಳು.

ಎರಡನೆಯ ಗಂಟೆಗೂ ಹಾಗೇ ಆಯಿತು. ಪಕ್ಕದಲ್ಲಿ ನಿಂತಿದ್ದ ಬೆಣ್ಣೆಮುದ್ದೆ ಮಾತ್ರ ಗಟಗಟ ಕುಡಿಯುತ್ತಲೇ ಓರೆಗಣ್ಣಿನಿಂದ ನೋಡಿದಳು.

“ನೀನು ಕುಡೀಲಿಲ್ಲ,” ಎಂದಳು ಪಿಸುಮಾತಿನಲ್ಲಿ.

“ಕುಡಿದೆ.”

“ಬಾಟ್ಲಿ ಇಳೀಲೇ ಇಲ್ವಲ್ಲ. ನಂದು ಕುಡೀತೀಯಾ? ಇನ್ನೂ ತಣ್ಣಗಿದೆ.”

“ನಿಂದೇನೂ ಬೇಡ ನಂಗೆ. ನಿನ್ನ ಕೆಲಸ ನೀನು ನೋಡ್ಕೋ.”

ಬೆಣ್ಣೆಮುದ್ದೆ ತನ್ನ ಬಾಟಲಿಯ ಮುಚ್ಚಳ ತಿರುಗಿಸಿದಳು. ಆದರೆ ಚೂಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಚೂಟಿಯ ನಾಲಿಗೆ ದಪ್ಪವಾಗತೊಡಗಿತು. ಕಿಟಕಿಯ ಪರದೆಯನ್ನು ಒದ್ದೆ ಮಾಡಿ ಬಿಟ್ಟಿದ್ದರೂ ಅದು ಆಗಲೇ ಒಣಗಿ ಗರಿಗರಿಯಾಗಿತ್ತು. ಬೋರ್ಡಿನ ಮೇಲಿನ ಅಂಕಿಗಳು ಒಂದರ ಮೇಲೊಂದು ಹತ್ತಿ ಕೂತವು. ಈಗ ಬಂತು, ಈಗ ಬಂತು ಎಂದು ಅವಳು ಹಟ ಹಿಡಿದು ಕಾದಳು. ಆದರೆ ಅದು ಬಂದಾಗ ಅವಳು ಲೆಕ್ಕ ಹಾಕಿದ್ದ ಹಾಗೆ ಇರಲಿಲ್ಲ. ಗೋಡೆ ಓರೆಯಾಯಿತು. ಕೈಕಾಲು ತನ್ನವಲ್ಲದಾದವು. ನಾಟಕವಾಡಬೇಕೆಂದಿದ್ದವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮಿಸ್ಸನ್ನು ಕರೆಯಬೇಕು. ಹೇಗೆ ಕರೆಯಬೇಕು? ಅವಳು ಕೈ ಎತ್ತಿದಳು. ಮಿಸ್ ಬೋರ್ಡಿನ ಕಡೆಯಿಂದ ತಿರುಗಿ, ಆ ಕೈಯನ್ನು ನೋಡಿ, ಅದನ್ನು ದಾಟಿ, ಹಿಂದಿನ ಬೆಂಚಿನ ಹುಡುಗನ ಕಡೆ ಬೆರಳು ಮಾಡಿದಳು.

“ಮಿಸ್,” ಎಂದು ಬೆಣ್ಣೆಮುದ್ದೆ ಕೈ ಎತ್ತದೆಯೇ ಕೂಗಿದಳು. “ಚೂಟಿ ಬೀಳ್ತಿದ್ದಾಳೆ. ಬೆಳಿಗ್ಗೆಯಿಂದ ಒಂದು ಹನಿ ಕುಡಿದಿಲ್ಲ ಅವಳು.”

ಚೂಟಿ ಬೀಳುವ ಮೊದಲು ಎರಡು ದುಂಡನೆಯ ಕೈಗಳು ಅವಳನ್ನು ಹಿಡಿದುಕೊಂಡವು. ಆಮೇಲೆ ಇನ್ನೆರಡು ಕೈಗಳು ಬಂದವು.

ಕಂಪ್ಯೂಟರ್ ಕೋಣೆ ತಣ್ಣಗಿತ್ತು. ಬಟ್ಟೆ ಹೊದ್ದ ಕಂಪ್ಯೂಟರುಗಳು ಸಾಲಾಗಿ ನಿದ್ದೆ ಮಾಡುತ್ತಿದ್ದವು. ಎರಡು ಬೆಂಚು ಜೋಡಿಸಿ ಅವಳನ್ನು ಮಲಗಿಸಿದ್ದರು. ಆಚೆ ತರಗತಿಯಲ್ಲಿ ಪಿ.ಟಿ. ಸರ್ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದುದು ಕೇಳುತ್ತಿತ್ತು, ಕವಾಯತಿನ ತಾಳದಲ್ಲಿ. ಯಾರೋ ಅವಳ ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡುತ್ತಿದ್ದರು. ಉಪ್ಪು ಸಕ್ಕರೆ ಕದಡಿದ ನೀರನ್ನು ಚಮಚದಲ್ಲಿ ತುಟಿಗೆ ಹಿಡಿಯುತ್ತಿದ್ದರು. ಒಂದು ಚಮಚ ಒಳಗೆ ಹೋಯಿತು, ಇನ್ನೊಂದು ಹೋಯಿತು.

ಅವಳು ಕಣ್ಣು ಬಿಟ್ಟಳು.

“ಮಿಸ್,” ಎಂದಳು.

ಚಮಚ ಅಲ್ಲೇ ನಿಂತಿತು. ಅಮ್ಮನ ಕೊರಳಲ್ಲಿ ಗುರುತಿನ ಚೀಟಿ ಬೆನ್ನ ಹಿಂದಕ್ಕೆ ತಿರುಗಿಕೊಂಡಿತ್ತು, ಓಡಿ ಬಂದದ್ದಕ್ಕಿರಬೇಕು.

“ಇಲ್ಲಿ ಯಾರೂ ಇಲ್ಲ ಕಣೇ,” ಎಂದಳು ಅಮ್ಮ. ದನಿ ಒಡೆದು ಬಂತು. “ಮಿಸ್ ಯಾಕೆ ಅಂತೀಯ?”

“ಗೇಟಿನ ಒಳಗೇ ಇದ್ದೀವಲ್ಲ.”

ಅಮ್ಮ ಬಟ್ಟೆಯನ್ನು ಹಿಂಡಿದಳು, ಮತ್ತೆ ಅದ್ದಿದಳು, ಹಿಂಡುವುದನ್ನು ಮರೆತು ಹಾಗೇ ಹಣೆಗಿಟ್ಟಳು. ನೀರು ಚೂಟಿಯ ಕಿವಿಗೆ ಇಳಿಯಿತು. ಬಾಗಿಲ ಗಾಜಿನ ಆಚೆ ಬೆಣ್ಣೆಮುದ್ದೆಯ ಮುಖ ಕಾಣಿಸಿತು. ಎದೆಗೆ ತನ್ನ ಬಾಟಲಿಯನ್ನು ಅವುಚಿಕೊಂಡಿದ್ದಳು. ಒಳಗೆ ಬರಲಿಲ್ಲ. ಚೂಟಿ ಕಣ್ಣು ಬಿಟ್ಟದ್ದನ್ನು ನೋಡಿ ಮೆಲ್ಲನೆ ತರಗತಿಯ ಕಡೆ ಹೊರಟುಹೋದಳು.

“ನೀರು ಕುಡೀಬೇಕು ಅಂತ ಗೊತ್ತಿರಲಿಲ್ವಾ ನಿಂಗೆ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೀಗೆ ಮಾಡಿದೆ? ಏನಾದ್ರೂ ಆಗಿದ್ರೆ ನಾನು ಏನ್ ಮಾಡ್ಬೇಕಿತ್ತು?”

ಚೂಟಿ ಇನ್ನೆರಡು ಚಮಚ ಕುಡಿದಳು. ಬಲಗಡೆಯ ಜಡೆ ಪೂರ್ತಿ ಬಿಚ್ಚಿಹೋಗಿ ಬೆಂಚಿನಿಂದ ಕೆಳಗೆ ಇಳಿಬಿದ್ದಿತ್ತು. ಅಮ್ಮನ ಬೆರಳುಗಳು ಅದನ್ನು ಹುಡುಕಿ, ತಮಗೇ ತಿಳಿಯದ ಹಾಗೆ ಮೂರು ಎಳೆ ಮಾಡತೊಡಗಿದವು.

ಆಗ ಚೂಟಿ ಕೈ ಎತ್ತಿದಳು. ಮಲಗಿದ್ದಲ್ಲಿಂದಲೇ, ತರಗತಿಯಲ್ಲಿ ಎತ್ತುವ ಹಾಗೆ, ತೋಳು ನೆಟ್ಟಗೆ, ಬೆರಳು ಜೋಡಿಸಿ. ಆ ಕೋಣೆಯಲ್ಲಿ ಬೇರೆ ಯಾರ ಕೈಯೂ ಇರಲಿಲ್ಲ. ದಾಟಿ ನೋಡುವುದಕ್ಕೆ ಬಟ್ಟೆ ಹೊದ್ದ ಕಂಪ್ಯೂಟರುಗಳಷ್ಟೇ ಇದ್ದವು.

ಅಮ್ಮ ಆ ಕೈಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಹೂಂ,” ಎಂದಳು. “ಕೇಳು.”

“ಅವಳು ‘ಅಮ್ಮಾ’ ಅಂದ್ರೆ ‘ಏನು ಕಂದಾ’ ಅಂತೀಯ. ನಾನು ಅಂದ್ರೆ ಯಾಕೆ ಹಾಗನ್ನಲ್ಲ, ಅಮ್ಮಾ?”